ಸಿ ಮೌತ್ ಆರ್ಗನ್‌ನಲ್ಲಿ ಮೈನರ್ ಬ್ಲೂಸ್ ನುಡಿಸುವುದು ಹೇಗೆ?

10 ತೂತಿನ ಸಿ (ಸಿ ಶ್ರುತಿಯ) ಮೌತ್ ಆರ್ಗನ್‌ನಲ್ಲಿ ಡಿ ಮೈನರ್ ನುಡಿಸಿ, ಅದೇ ಸುಲಭ. ಮೈನರ್ ಅಂದರೆ ಷಡ್ಜದಿಂದ ಮೂರನೇ ಸ್ವರ ಅರ್ಧ ಮೆಟ್ಟಿಲು ತಗ್ಗಿರುವುದು; ಮೇಜರ್‌ನಲ್ಲಿ ಅದು ತಗ್ಗಿರುವುದಿಲ್ಲ. ಸಿ ವಾದ್ಯದಲ್ಲಿ ಹೀಗೆ ಡಿ ಷಡ್ಜ ಇಟ್ಟು ನುಡಿಸುವುದಕ್ಕೆ ಥರ್ಡ್ ಪೊಸಿಷನ್ ಎನ್ನುತ್ತಾರೆ. ಪೊಸಿಷನ್ ಅಂದರೆ ಅದೇ ವಾದ್ಯದಲ್ಲಿ ಬೇರೆ ಸ್ವರವನ್ನು ಷಡ್ಜ ಮಾಡಿಕೊಳ್ಳುವುದು, ಅಷ್ಟೇ.

ಸುಮ್ನೆ 4, 5, 6ನೇ ತೂತುಗಳಲ್ಲಿ ಒಟ್ಟಿಗೆ ಉಸಿರು ಒಳಗೆಳೆದು ನೋಡಿ. ಡಿ, ಎಫ್, ಎ: ಡಿ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ತಾನಾಗಿಯೇ ಬಂತು, ಅಲ್ವಾ? ಬ್ಲೂಸ್‌ನವರು ಜಾಸ್ತಿ ಬಳಸುವ ಸೆಕೆಂಡ್ ಪೊಸಿಷನ್‌ನಲ್ಲಿ ಷಡ್ಜ ಜಿ. ಅಲ್ಲಿ 3ನೇ ತೂತು ಎಳೆದರೆ ಮೇಜರ್‌ನ ಬಿ ಬರುತ್ತದೆ. ಮೈನರ್ ಬೇಕಾದರೆ ಪ್ರತಿ ಸಲ ಬೆಂಡ್ ಮಾಡಬೇಕು, ಅಂದರೆ ಬಾಯಿಯ ಆಕಾರ ಬದಲಿಸಿ ಸ್ವರ ಇಳಿಸಬೇಕು.

ಡಿ ಮೈನರ್‌ನಲ್ಲೂ ಎಡವುವ ಜಾಗ ಒಂದಿದೆ. ಗಿಟಾರ್‌ನವರು ಜಿ ಮೈನರ್ ಕಾರ್ಡ್‌ಗೆ ಹೋದಾಗ 7ನೇ ತೂತು ಎಳೆದು ನಿಲ್ಲಬೇಡಿ. ನಿಮ್ಮದು ಬಿ, ಅವರದು ಬಿ ಫ್ಲಾಟ್ (ಬಿ-ಗಿಂತ ಅರ್ಧ ಮೆಟ್ಟಿಲು ಕೆಳಗಿನ ಸ್ವರ). ಕಿವಿಗೆ ಚುಚ್ಚುತ್ತದೆ.