‘ಲಾ ವಾಲಿ’ ಅಪೆರಾದ (ಹಾಡಲ್ಲೇ ನಡೆಯೋ ನಾಟಕ) ಕೊನೇ ಅಂಕದಲ್ಲಿ ಆ ಹಿಮದ ಹಾಡು ಸಿಗ್ತಿಲ್ಲ ಅಂದವ್ರಿಗೆ

ನೀವು ತಪ್ಪು ಅಂಕದಲ್ಲಿ ಹುಡುಕ್ತಿದೀರ ಅನ್ಸುತ್ತೆ. ಹಿಮ ಕುಸಿಯೋದು ನಾಲ್ಕನೇ ಅಂಕದಲ್ಲಿ, ಆದ್ರೆ ಮಾತಲ್ಲಿ ಹಿಮ ಬರೋ ಆ ಫೇಮಸ್ ಏರಿಯಾ (ಒಬ್ರೇ ಹಾಡೋ ಹಾಡು) ಇರೋದು ಮೊದಲನೇ ಅಂಕದ ಕೊನೇಲಿ, ಅಪ್ಪ ಗೆಲ್‌ನರ್ ಅನ್ನೋನನ್ನ ಮದ್ವೆ ಆಗು ಇಲ್ಲಾಂದ್ರೆ ಮನೆ ಬಿಡು ಅಂದ್ಮೇಲೆ ನಾಯಕಿ ವಾಲಿ ಹೊರಡ್ತಾಳಲ್ಲ, ಅಲ್ಲಿ.

ಮೊದ್ಲು ಟ್ರ್ಯಾಕ್ ಲಿಸ್ಟಲ್ಲಿ ಆ ಹಾಡಿನ ಹೆಸರು ‘ಎಬ್ಬೆನ್? ನೆ ಆಂದ್ರೊ ಲೊಂತಾನಾ’ ಅಂತ ನೋಡಿ. ನಿಮ್ಮ ಲಿಸ್ಟ್ ನಾನು ನೋಡಿಲ್ಲ, ಬರೀ ‘ಎಬ್ಬೆನ್’ ಅಂತಾನೂ ಇರ್ಬೋದು. ಆಮೇಲೆ ಅಪ್ಪನ ಜಗಳದಿಂದಾನೇ ಕೇಳಿ, ಯಾಕಂದ್ರೆ ಅಷ್ಟು ಗದ್ದಲ ಆದ್ಮೇಲೆ ‘ಸರಿ, ದೂರ ಹೋಗ್ತೀನಿ, ಗಂಟೆಯ ಪ್ರತಿಧ್ವನಿ ಹೋಗೋ ಹಾಗೆ’ ಅಂತ ಮೆತ್ತಗೆ ಶುರುವಾಗೋದು ಬಿಡಿಯಾಗಿ ಕೇಳಿದ್ರೆ ಅರ್ಧ ಮಜಾನೇ ಇಲ್ಲ.

ಅದೇ ರಾಗದ ಫ್ರೆಂಚ್ ಹಾಡು ಸಿಕ್ತು, ಕಾಪಿನಾ ಅಂದ್ರಲ್ಲ, ಅಲ್ಲ. ಈ ಅಪೆರಾದ ಸಂಗೀತ ಬರೆದ ಕಟಾಲಾನಿ 1878ರಲ್ಲಿ ‘ಶಾನ್ಸೊಂ ಗ್ರೋಎನ್ಲಾಂದೇಸ್’ ಅಂತ ಬರ್ದಿದ್ದ ತನ್ನದೇ ಹಾಡನ್ನ 1892ರ ಈ ಅಪೆರಾಗೆ ಮತ್ತೆ ಬಳಸ್ಕೊಂಡ.

ರೆಕಾರ್ಡಿಂಗ್ ಬೇಕಂದ್ರೆ ತೆಬಾಲ್ದಿ, ದೆಲ್ ಮೊನಾಕೊ ಹಾಡಿರೋದು, ಕ್ಲೇವಾ ಕಂಡಕ್ಟ್ ಮಾಡಿದ್ದು, ಅದನ್ನೇ ತಗೊಳ್ಳಿ.