ಪೇಟೆಯ ಕಾರು ದಟ್ಟಣೆಗೆ ಸುರಂಗ ಪರಿಹಾರವೇ?

ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಯೋಜನೆ ಇರುವಂತೆ ಮಡಿಕೇರಿಯ ಅಡಿಯಲ್ಲೂ ಒಂದು ಸುರಂಗ ಕೊರೆದರೆ ವಾರಾಂತ್ಯದ ದಟ್ಟಣೆ ನೀಗುವುದಿಲ್ಲವೇ ಎಂದು ಕೇಳಿದ್ದೀರಿ. ಇದೇ ಊರಿನವನಾಗಿ ಹೇಳುತ್ತೇನೆ: ನೀಗುವುದಿಲ್ಲ. ಬೆಂಗಳೂರಿನಲ್ಲೂ ನೀಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಒಳಗೆ ಸಿಗ್ನಲ್ ಇಲ್ಲ, ಅಡ್ಡ ಬರುವವರಿಲ್ಲ, ಕಾರು ಸರಾಗವಾಗಿ ಓಡುತ್ತದೆ, ಒಪ್ಪೋಣ. ಆದರೆ ಅದು ಎಲ್ಲಾದರೂ ಮೇಲೆ ಬರಲೇಬೇಕಲ್ಲ? ಅಲ್ಲಿರುವುದು ಅದೇ ಹಳೆಯ ರಸ್ತೆ, ಅದೇ ವೃತ್ತ. ಹೊರಬರುವ ಬಾಯಿ ಕಟ್ಟಿತೆಂದರೆ ಸಾಲು ಸುರಂಗದೊಳಕ್ಕೇ ಬೆಳೆಯುತ್ತದೆ. ಮೇಲಾದರೆ ಪಕ್ಕದ ಗಲ್ಲಿಗೆ ತಿರುಗಿಸಿಕೊಳ್ಳಬಹುದು. ಕೆಳಗೆ ಆ ದಾರಿಯೂ ಇಲ್ಲ. 1999ರಲ್ಲಿ ಫ್ರಾನ್ಸ್–ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ ಹಿಟ್ಟು ಮತ್ತು ಮಾರ್ಗರೀನ್ ಹೊತ್ತ ಒಂದೇ ಲಾರಿಗೆ ಬೆಂಕಿ ಬಿದ್ದು 39 ಮಂದಿ ಸತ್ತರು.

ಲೆಕ್ಕವನ್ನೂ ನೋಡಿ. ಒಂದು ಪಥದಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 2,000 ಕಾರುಗಳು ಸಾಗಬಹುದು. ಕಾರಿಗೆ ಇಬ್ಬರಂತೆ ಹಿಡಿದರೂ 4,000 ಜನ. ತುಂಬಿದ ಆರು ಬೋಗಿಗಳ ಎರಡು ಮೆಟ್ರೊ ರೈಲುಗಳು ಅಷ್ಟು ಜನರನ್ನು ಒಯ್ಯುತ್ತವೆ. ಅಗೆಯುವ ಖರ್ಚು ಹೇಗೂ ಇದೆ ಎಂದಮೇಲೆ ರೈಲಿಗಾಗಿಯೇ ಅಗೆಯಬಾರದೇಕೆ? ಲಾಸ್ ವೇಗಾಸ್‌ನಲ್ಲಿ 2021ರಿಂದ ನಡೆಯುತ್ತಿರುವ ಕಾರು ಸುರಂಗವನ್ನು ಹಲವರು ಉದಾಹರಿಸುತ್ತಾರೆ. ಅಲ್ಲಿ ನಮ್ಮ ಕಾರು ಇಳಿಸುವಂತಿಲ್ಲ. ನಿಲ್ದಾಣದಲ್ಲಿ ಅವರದೇ ಕಾರು ಹತ್ತಬೇಕು. ಅದೊಂದು ಪುಟ್ಟ ಬಸ್ ಸೇವೆ, ಅಷ್ಟೇ.

ಸುರಂಗವೇ ಬೇಡ ಎನ್ನುತ್ತಿಲ್ಲ. 2020ರಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಮನಾಲಿ ಕಡೆಯಿಂದ ಲಾಹೌಲ್‌ಗೆ ಹೋಗುವ ದಾರಿಯಲ್ಲಿ 46 ಕಿ.ಮೀ. ಉಳಿಸಿತು. ದಾಟಬೇಕಾದ ಬೆಟ್ಟವಿತ್ತು, ದಾಟಿಸಿತು. ಮಡಿಕೇರಿಗೆ ಬರುವ ಪ್ರವಾಸಿಗರಿಗೆ ಬೇಕಾದದ್ದು ಮಡಿಕೇರಿಯೇ. ರಾಜಾಸೀಟಿಗೆ ಹೊರಟವರನ್ನು ಊರಿನ ಕೆಳಗಿನಿಂದ ಮಂಗಳೂರು ಕಡೆಯ ಸಂಪಾಜೆ ರಸ್ತೆಗೆ ಸಾಗಿಸಿ ಏನು ಪ್ರಯೋಜನ?

ಇನ್ನು ನಮ್ಮ ಮಣ್ಣು. ಜುಲೈ ತಿಂಗಳಲ್ಲಿ ಇಲ್ಲಿನ ಯಾವುದಾದರೂ ತಡೆಗೋಡೆಯ ಮುಂದೆ ನಿಂತು ನೋಡಿ. ಹಿಂದಿನ ಮಣ್ಣಿನ ನೀರು ಹೊರಹೋಗಲೆಂದು ಗೋಡೆಯಲ್ಲಿ ಇಟ್ಟ ಪೈಪುಗಳಿಂದ ಕೆಂಪು ನೀರು ಚಿಮ್ಮುತ್ತಿರುತ್ತದೆ. ಪೈಪು ಕಟ್ಟಿಕೊಂಡಲ್ಲಿ ಗೋಡೆಯೇ ಉಬ್ಬಿರುತ್ತದೆ. ನಿನ್ನೆ ಒಣಗಿದ್ದ ಬರೆಯಲ್ಲಿ, ಅಂದರೆ ಗುಡ್ಡ ಕಡಿದ ಕಡಿದಾದ ಬದಿಯಲ್ಲಿ, ಇವತ್ತು ಜಲ ಒಡೆದಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು, ಮಡಿಕೇರಿ–ಸಂಪಾಜೆ ಹೆದ್ದಾರಿ ಕುಸಿದು ಸಂಚಾರ ನಿಂತಿತು. ಇಂತಹ ನೆಲದಲ್ಲಿ ಸುರಂಗದ ಬಾಯಿಗಾಗಿ ಮತ್ತೊಂದು ಬರೆ ಕಡಿಯುವ ಮಾತು ಕೇಳಿದರೇ ನನಗೆ ಎದೆ ನಡುಗುತ್ತದೆ.

ನನ್ನನ್ನು ಕೇಳಿದರೆ, ಶನಿವಾರ, ಭಾನುವಾರ ಹೊರಗಿನ ಕಾರುಗಳನ್ನು ಕುಶಾಲನಗರ ರಸ್ತೆಯಲ್ಲಿ ಊರಿನ ಅಂಚಿನಲ್ಲೇ ನಿಲ್ಲಿಸಿ, ಅಲ್ಲಿಂದ ರಾಜಾಸೀಟು, ಅಬ್ಬಿ ಜಲಪಾತಕ್ಕೆ ಸಣ್ಣ ಬಸ್ಸುಗಳನ್ನು ಬಿಡಬೇಕು. ಇದಕ್ಕೆ ಸಮತಟ್ಟಾದ ಒಂದು ಜಾಗ, ಕೆಲವು ಬಸ್ಸುಗಳು ಸಾಕು, ಮುಂದಿನ ಬೇಸಿಗೆ ರಜೆಗೇ ಶುರು ಮಾಡಬಹುದು.