ಹಳೇ ಪದ್ಮಿನಿ ಕಾರಿನ ಬಾಗಿಲ ಮೇಲಿನ ಹೊಳೆಯುವ ಪಟ್ಟಿಗಳನ್ನು ಬಾಗದಂತೆ ಬಿಚ್ಚಿ ಪಾಲಿಶ್ ಮಾಡೋದು ಹೇಗೆ?

ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ. ಹುಬ್ಬಳ್ಳಿಯಲ್ಲಿ ನಮ್ಮ ಮಾವನ ಕಾರಿಗೆ ಹಾಗೆ ಮಾಡಲು ಹೋಗಿ ಒಂದು ಪಟ್ಟಿಯನ್ನು ಬಿಲ್ಲಿನ ಹಾಗೆ ಬಾಗಿಸಿದ್ದೇನೆ. ಮಾವ ಇನ್ನೂ ಅದನ್ನು ಮರೆತಿಲ್ಲ.

ಮೊದಲು ಬಾಗಿಲ ಒಳಗಿನ ಪ್ಯಾನೆಲ್ ತೆಗೆದು ನೋಡಿ. ಪಟ್ಟಿಯನ್ನು ಹಿಡಿದಿಡುವ ಕೆಲವು ಕ್ಲಿಪ್‌ಗಳಿಗೆ ಒಳಗಿನಿಂದ ಸಣ್ಣ ನಟ್ ಇರಬಹುದು. ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ನಟ್ ಇಲ್ಲದ ಕಡೆ ಪೇಂಟ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪ್ಲಾಸ್ಟಿಕ್ ತುಂಡಿನಿಂದ ಒಂದೊಂದೇ ಕ್ಲಿಪ್ಪಿನ ಹತ್ತಿರ ಎತ್ತಿ. ಎರಡು ಕ್ಲಿಪ್‌ಗಳ ನಡುವೆ ಎತ್ತಿದರೆ ಮಡಿಕೆ ಬೀಳುತ್ತದೆ. ಅದು ಪೂರ್ತಿ ಹೋಗೋದು ಕಷ್ಟ.

ಸ್ಟೇನ್‌ಲೆಸ್ ಸ್ಟೀಲ್ ಆದರೆ ತಗ್ಗಿಗೆ ಹಿಂದಿನಿಂದ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ಆಮೇಲೆ 400, 800, 1500 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಇದೇ ಕ್ರಮದಲ್ಲಿ ಉಜ್ಜಿ, ಕೊನೆಗೆ ಬಫಿಂಗ್, ಅಂದರೆ ಬಟ್ಟೆಯ ಚಕ್ರದಲ್ಲಿ ಹೊಳಪು ಕೊಡೋದು. ಕ್ರೋಮ್ ಆದರೆ ವಾಟರ್ ಪೇಪರ್ ಮುಟ್ಟಿಸಲೇಬೇಡಿ, ಆ ಲೇಪ ಬಹಳ ತೆಳು. ಸಣ್ಣ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಕ್ರೋಮ್ ಸಿಪ್ಪೆ ಎದ್ದಿದ್ದರೆ ಸುಮ್ನೆ ಒದ್ದಾಡಬೇಡಿ, ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಪ್ಲೇಟಿಂಗ್ (ಹೊಸದಾಗಿ ಕ್ರೋಮ್ ಲೇಪ) ಮಾಡುವವರನ್ನು ವಿಚಾರಿಸಿ.

ಮತ್ತೆ ಕೂರಿಸುವ ಮುಂಚೆ ಕ್ಲಿಪ್ಪಿನ ತೂತುಗಳಿಗೆ ಪ್ರೈಮರ್ ಹಚ್ಚಿ. ಧಾರವಾಡದ ಜಿಟಿಜಿಟಿ ಮಳೆಗೆ ತುಕ್ಕು ಶುರುವಾಗೋದು ಜಾಸ್ತಿ ಅಲ್ಲಿಂದಲೇ.